ಕೇಳಿಸಿತು, ಕೇಳಿಸಲಿಲ್ಲ

ಚನ್ನಪಟ್ಟಣದ ನಮ್ಮ ಮನೆಯವರು ಮೂರು ತಲೆಮಾರಿನಿಂದ ಮಕ್ಕಳನ್ನು ನಗಿಸುವ ಕೆಲಸ ಮಾಡಿಕೊಂಡು ಬಂದವರು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹತ್ತಿಸಿ, ತಾಳೆಗರಿಯಲ್ಲಿ ಒತ್ತಿ ಹೊಳಪು ತರುವುದು. ಬುಗುರಿ, ಗಿಲಕಿ, ಚಕ್ರದ ಕುದುರೆ. ನಾನೊಬ್ಬಳು ಈ ಸಾಲು ತಪ್ಪಿಸಿ ಡಿಸೈನ್ ಓದಿದೆ, ಮ್ಯೂಸಿಯಂಗಳಿಗೆ ಸಾಮಾನು ಮಾಡಿಕೊಡುವ ಕೆಲಸ ಹಿಡಿದೆ. ಜನ ಬಂದು ಮುಟ್ಟಿ, ಎಳೆದು, ತಿರುಗಿಸಿ ಚರಿತ್ರೆ ತಿಳಿದುಕೊಳ್ಳುವಂಥ ಸಾಮಾನು. ಮಗಳು ಏನು ಮಾಡುತ್ತಾಳೆ ಎಂದು ಬೀದಿಯಲ್ಲಿ ಯಾರಾದರೂ ಕೇಳಿದರೆ ಅಪ್ಪ, "ಅದೂ ಬೊಂಬೆ ಕೆಲ್ಸವೇ ಕಣಪ್ಪ, ಇಂಗ್ಲೀಷಲ್ಲಿ ಮಾಡ್ತಾಳೆ" ಎನ್ನುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಆ ಮಾತನ್ನು ನೆನೆದರೆ ಬೇರೆಯೇ ಏನೋ ಆಗುತ್ತದೆ.

ಕೆಲವು ವರ್ಷಗಳ ಹಿಂದೆ ರಾಮನಗರದಲ್ಲಿ ಒಂದು ಪುಟ್ಟ ಸಮಿತಿ, ಹಳೆಯ ರೇಷ್ಮೆ ನೂಲಿನ ಕಾರ್ಖಾನೆಯ ಎರಡು ಕೋಣೆಗಳನ್ನು ಹಿಡಿದು ಒಂದು ಮ್ಯೂಸಿಯಂ ಮಾಡಲು ಹೊರಟಿತು. ವಿಷಯ ಪ್ಲೇಗು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಸೀಮೆಯ ಹಳ್ಳಿಗಳನ್ನು ಗುಡಿಸಿ ಹಾಕಿದ ಕಾಯಿಲೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂರುತ್ತಿದ್ದ ಕಾಲ. ಸಮಿತಿಯ ಮುಂದಾಳು ನಿವೃತ್ತ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಮಾತಿಗೆ ಮುಂಚೆ ಶಾಲು ಹುಡುಕುವ ಜಾತಿ. ಅವರು ನನ್ನನ್ನು ಕರೆಸಿ, "ನೋಡಮ್ಮ, ಬೋರ್ಡು ಬರೆದು ನೇತುಹಾಕಿದರೆ ಯಾರೂ ಓದಲ್ಲ. ಬಂದವರ ಕೈಗೆ ಏನಾದರೂ ಕೆಲಸ ಕೊಡಬೇಕು" ಎಂದರು. ನನಗೆ ಬೇಕಾಗಿದ್ದೂ ಅದೇ.

ಆರು ತಿಂಗಳು ಜಿಲ್ಲೆಯ ನಾಲ್ಕೂ ತಾಲ್ಲೂಕು ಸುತ್ತಿದೆ. ಕನಕಪುರದ ಕಡೆ ಒಬ್ಬರು ತಮ್ಮ ತಾತ ಊರು ಬಿಡುವಾಗ ಬಾಗಿಲಿಗೆ ಮುಳ್ಳು ಬಡಿದ ಕತೆ ಹೇಳಿದರು. ಬೈರಾಪಟ್ಟಣದಲ್ಲಿ ಒಬ್ಬರು ಹೊಲದ ಮಧ್ಯೆ ನಿಲ್ಲಿಸಿ, ಗುಡಿಸಲು ಇದ್ದ ಜಾಗ ಇದೇ ಎಂದು ಕಾಲಲ್ಲಿ ಗೆರೆ ಎಳೆದು ತೋರಿಸಿದರು. ಎಲ್ಲರೂ ಹೇಳುತ್ತಿದ್ದದ್ದು ಊರು ಬಿಟ್ಟು ಹೋದವರ ಕತೆ. ಹಿಂದೆ ಉಳಿದವರ ಮಾತು ಬಂದ ಕೂಡಲೇ ಕಾಫಿ ಬರುತ್ತಿತ್ತು, ಮಳೆಯ ವಿಚಾರ ಬರುತ್ತಿತ್ತು. ಕಾಯಿಲೆ ಹತ್ತಿದವರನ್ನು ಏನು ಮಾಡಿದರು ಎಂದು ನಾನು ಕೇಳುತ್ತಿದ್ದೆ, ಅವರು ಕಾಫಿ ಕುಡಿ ಎನ್ನುತ್ತಿದ್ದರು.

ಹೇಳಿದವರು ಒಬ್ಬರೇ. ಕೈಲಾಂಚದ ಕಡೆಯ ಒಬ್ಬ ಅಜ್ಜಿ. ಅವರು ತೀರಿಕೊಂಡು ವರ್ಷವಾಯಿತು. ಕೈಲಾಂಚ ಎಂದು ಬರೆದಿದ್ದೇನೆ, ಅದು ಕೈಲಾಂಚವೇ ಎಂದು ನಂಬಬೇಡಿ. ಇಷ್ಟರ ಮಟ್ಟಿಗೆ ನಾನು ಬುದ್ಧಿ ಕಲಿತಿದ್ದೇನೆ.

ಎರಡು ಸಲ ಹೋದಾಗ ಅವರೂ ಉಳಿದವರ ಹಾಗೆಯೇ ಹೊಲ, ಗುಡಿಸಲು, ಮಾರಮ್ಮನ ಹರಕೆ ಎಂದು ಹೇಳಿ ಕಳಿಸಿದರು. ಮೂರನೆಯ ಸಲ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಅಜ್ಜಿ ಹಜಾರದಲ್ಲಿ ಕೂತು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ರೆಕಾರ್ಡಿಗೆ ಇಟ್ಟಿದ್ದ ನನ್ನ ಫೋನಿನ ಕಡೆ ಕತ್ತಿಯ ತುದಿ ತೋರಿಸಿ, "ಅದ ಆಫ್ ಮಾಡವ್ವ" ಎಂದರು. ನಾನು ಮಾಡಿದೆ. ಆಮೇಲೆ ಹೇಳಿದರು.

ಅವರ ಅವ್ವನಿಗೆ ಆಗ ಏಳೋ ಎಂಟೋ ವರ್ಷ. ಊರೆಲ್ಲ ಹೊಲ ಸೇರಿದ ಮೇಲೆ ಮನೆಯಲ್ಲಿದ್ದ ಆ ಹುಡುಗಿಯ ಚಿಕ್ಕವ್ವನಿಗೆ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಎದ್ದಿತು. ಗುಡಿಸಲಲ್ಲಿ ಇಟ್ಟುಕೊಂಡರೆ ಎಲ್ಲರೂ ಹೋಗುತ್ತಾರೆ. ಅವಳನ್ನು ಖಾಲಿ ಊರಿನ ಹಳೇ ಮನೆಯಲ್ಲಿಯೇ ಮಲಗಿಸಿ ಬಂದರು. ಪಕ್ಕದಲ್ಲಿ ನೀರಿನ ಗಡಿಗೆ, ಉಣ್ಣುವ ಒಂದು ಕಂಚಿನ ಗಂಗಳ, ಬಡಿಸುವ ಒಂದು ಸವುಟು. ಬೆಳಕು ಹರಿದ ಕೂಡಲೇ ಸವುಟಿನಲ್ಲಿ ಗಂಗಳ ಬಡಿಯಬೇಕು. ಸದ್ದು ಬಂದರೆ ಜೀವ ಇದೆ ಎಂದು ಅರ್ಥ. ಆಗ ಹುಡುಗಿಯ ಅಪ್ಪ ಗಂಜಿ ಹೊತ್ತುಕೊಂಡು ಹೋಗಿ ಹೊಸಿಲ ಮೇಲೆ ಇಟ್ಟು ಬರುತ್ತಿದ್ದ. ಹುಡುಗಿಯ ಕಿವಿ ಚುರುಕು. ಬದುವಿನ ಮೇಲೆ ನಿಂತು ಕೇಳಿ, ಸದ್ದು ಬಂತೋ ಇಲ್ಲವೋ ಹೇಳುವುದು ಅವಳ ಕೆಲಸ.

ಮೂರು ದಿನ ಬಂತು ಎಂದಳು. ನಾಲ್ಕನೆಯ ದಿನವೂ ಸದ್ದು ಬಂತು. ಅವಳು ಬರಲಿಲ್ಲ ಎಂದಳು.

"ಯಾಕೆ ಅಜ್ಜಿ?" ಎಂದೆ.

"ಅಪ್ಪ ದಿನಾ ಹೋಯ್ತಾನಲ್ಲ, ಅವ್ನಿಗೂ ಅಂಟ್ಕಂಡ್ಬುಟ್ರೆ ಅಂತ. ಅಪ್ಪ ಉಳ್ಕಳ್ಲಿ ಅಂತ." ಅಜ್ಜಿ ಸೊಪ್ಪಿನ ರಾಶಿಯನ್ನು ಸರಿ ಮಾಡಿದರು. "ಐದ್ನೇ ದಿನಾನೂ ಒಸಿ ಬಂತಂತೆ. ಆರ್ನೇ ದಿನ ಇಲ್ಲ. ನಮ್ಮವ್ವ ಸಾಯೋ ಮುಂದೆ ನಂಗ್ ಒಬ್ಳಿಗೇ ಯೋಳಿದ್ಲು. ನಮ್ಮನೆಯೋರ್ಗೂ ಗೊತ್ತಿಲ್ಲ. ನೀನು ಎಲ್ಲೂ ಯೋಳ್ಬ್ಯಾಡ ಕಣ್ ಮಗ."

ಹೇಳಲ್ಲ ಎಂದೆ. ಅವರ ಕೈ ಹಿಡಿದುಕೊಂಡೇ ಹೇಳಿದೆ. ಆಮೇಲೆ ರಾಮನಗರದ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಮರೆತುಹೋಗುವ ಮುಂಚೆ ಒಂದಕ್ಷರವೂ ಬಿಡದ ಹಾಗೆ ಪುಸ್ತಕದಲ್ಲಿ ಬರೆದುಕೊಂಡೆ. ಬಸ್ಸು ಕುಲುಕಿದಾಗ ಅಕ್ಷರ ಸೊಟ್ಟಗಾದರೆ ಬೇಸರವಾಗುತ್ತಿತ್ತು. ಅಷ್ಟು ಶ್ರದ್ಧೆ.

ನಾಚಿಕೆಯ ವಿಚಾರ ಹೇಳಬೇಕೆಂದರೆ, ಆ ಬಸ್ಸಿನಲ್ಲಿ ನನಗೆ ದುಃಖವಾಗಲಿಲ್ಲ. ಖುಷಿಯಾಯಿತು. ಆರು ತಿಂಗಳು ಅಲೆದದ್ದಕ್ಕೆ ಕೊನೆಗೂ ಒಂದು ಸಿಕ್ಕಿತಲ್ಲ ಎಂಬ ಖುಷಿ. ರಾಮನಗರದಲ್ಲಿ ಇಳಿಯುವ ಹೊತ್ತಿಗೆ ಮನಸ್ಸಿನಲ್ಲಿ ಅದರ ಆಕಾರವೂ ಬಂದುಬಿಟ್ಟಿತ್ತು. ಹೆಸರು ಹಾಕುವುದಿಲ್ಲ, ಊರು ಹಾಕುವುದಿಲ್ಲ, ಇನ್ನೇನು ತೊಂದರೆ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಆ ವಕೀಲಿಗೆ ಎದುರು ವಾದಿಸುವವರು ಯಾರೂ ಇರಲಿಲ್ಲ.

ಮಾಡಿದ್ದು ಹೀಗೆ. ಕೋಣೆಯ ಕೊನೆಗೆ ಒಂದು ಮರದ ಗೋಡೆ, ಅದರಲ್ಲಿ ಕಿವಿ ಇಡುವಷ್ಟು ಅಗಲದ ತೂತು. ಕಿವಿ ಇಟ್ಟರೆ ದೂರದಲ್ಲಿ ಎಲ್ಲೋ ಕಂಚು ಬಡಿಯುವ ಸದ್ದು. ಪಕ್ಕದಲ್ಲಿ ಎರಡು ಹಿಡಿಗಳು. ಹಸಿರು ಹಿಡಿಯ ಮೇಲೆ "ಕೇಳಿಸಿತು", ಕೆಂಪು ಹಿಡಿಯ ಮೇಲೆ "ಕೇಳಿಸಲಿಲ್ಲ". ಹಸಿರು ಎಳೆದರೆ ಒಂದು ಖಾನೆ ತೆರೆದು ಮರದ ಬಟ್ಟಲು ಹೊರಗೆ ಬರುತ್ತದೆ. ಅದನ್ನು ಎತ್ತಿಕೊಂಡು ಹತ್ತು ಹೆಜ್ಜೆ ಆಚೆಯ ಹೊಸಿಲ ಮೇಲೆ ಇಟ್ಟು ಬರಬೇಕು. ಕೆಂಪು ಎಳೆದರೆ ಟಕ್ ಎಂದು ಸದ್ದು ನಿಲ್ಲುತ್ತದೆ. ಅಷ್ಟೇ. ಮೇಲೆ ಎರಡು ಸಾಲಿನ ಬೋರ್ಡು: "ಕಾಯಿಲೆಯವರು ಬದುಕಿದ್ದೇನೆಂದು ಗಂಗಳ ಬಡಿದು ತಿಳಿಸುತ್ತಿದ್ದರು. ಒಬ್ಬ ಹುಡುಗಿ ಸದ್ದು ಕೇಳಿಸಿಯೂ ಕೇಳಿಸಲಿಲ್ಲ ಎಂದಳು."

ಅಪ್ಪ ಉಳಿಯಲಿ ಎಂದು ಅವಳು ಹಾಗೆ ಹೇಳಿದ್ದನ್ನು ಮೊದಲ ಕರಡಿನಲ್ಲಿ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಮೂರು ಸಾಲಾದರೆ ಜನ ಓದುವುದಿಲ್ಲ ಎಂಬುದು ನಮ್ಮ ಕಸುಬಿನ ಶಾಸ್ತ್ರ. ಜೊತೆಗೆ, ಕಾರಣ ಹೇಳದಿದ್ದರೆ ಓದಿದವರ ಎದೆ ಝಲ್ಲೆನ್ನುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಹಿಡಿಗಳನ್ನು ಕಡೆದುಕೊಟ್ಟವರು ಅಪ್ಪ. ಕೈ ನಡುಗುವ ವಯಸ್ಸು, ಆದರೆ ಲೇತಿನ ಮುಂದೆ ಕೂತರೆ ನಡುಕ ಎಲ್ಲಿ ಹೋಗುತ್ತದೋ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾವ ಸಾಮಾನೇ ಆಗಲಿ, ಕಡೆದು ಮುಗಿದ ಮೇಲೆ ಕಣ್ಣು ಮುಚ್ಚಿ ಕೈಯಲ್ಲಿ ಹಿಡಿದು ನೋಡಬೇಕು. ಕೆಳಗೆ ಇಡಲು ಮನಸ್ಸು ಬಾರದಿದ್ದರೆ ಮಾತ್ರ ಅದು ಪಾಸು. ಕೆಂಪು ಹಿಡಿಯನ್ನು ಅಪ್ಪ ಹಾಗೆಯೇ ಪಾಸು ಮಾಡಿದರು. ನಾನೂ ಕಣ್ಣು ಮುಚ್ಚಿ ಹಿಡಿದು ನೋಡಿದೆ. ಬಿಡಲು ಮನಸ್ಸಾಗಲಿಲ್ಲ. ಬೇರೆ ಊರಿನವರು ಮಾಡಿದ್ದರೆ ಕಬ್ಬಿಣದ ಒರಟು ಹಿಡಿ ಹಾಕುತ್ತಿದ್ದರೋ ಏನೋ. ನಮಗೆ ಅದು ತೋಚಲೇ ಇಲ್ಲ.

ಪರೀಕ್ಷೆಗೆಂದು ಒಂದು ಶಾಲೆಯ ಮಕ್ಕಳನ್ನು ಕರೆಸಿದೆವು. ಅಪ್ಪನೂ ಬಂದಿದ್ದರು. ಮೊದಲ ಮಗು ಕಿವಿ ಇಟ್ಟಿತು, ಹಸಿರು ಎಳೆಯಿತು, ಬಟ್ಟಲು ಹೊತ್ತು ಹೊಸಿಲಿಗೆ ಹೋಗಿ ಬಂತು. ಎರಡನೆಯದು ಕೆಂಪು ಎಳೆಯಿತು. ಟಕ್. ಸದ್ದು ನಿಂತಿತು. ಆಮೇಲೆ ಯಾವ ಮಗುವಿಗೂ ಹಸಿರು ಬೇಡವಾಯಿತು. ಟಕ್, ಟಕ್. ಸಾಲು ಕಟ್ಟಿದರು, ತಳ್ಳಾಡಿದರು, ಎಳೆದವರು ಓಡಿಹೋಗಿ ಮತ್ತೆ ಸಾಲಿನ ಕೊನೆಗೆ ನಿಂತರು. ನಗು ಕೋಣೆ ತುಂಬಿತು. ಮೇಷ್ಟ್ರು ಕೈ ಉಜ್ಜಿಕೊಂಡು, "ಭೇಷ್, ಮಕ್ಕಳು ಬಿಟ್ಟು ಹೋಗುತ್ತಲೇ ಇಲ್ಲ" ಎಂದರು.

ಅಪ್ಪ ಮಾತ್ರ ಗೋಡೆ ಒರಗಿ ನಿಂತಿದ್ದರು. ಮಕ್ಕಳು ಹೋದ ಮೇಲೆ ಹತ್ತಿರ ಬಂದು, "ಇದು ಆಟದ್ ಸಾಮಾನಾಗೋಯ್ತಲ್ಲವ್ವ" ಎಂದರು. ಕೆಂಪು ಹಿಡಿಯನ್ನು ಸವರಿ, "ತಪ್ಪು ನಂದೂ ಐತೆ. ಆ ಕೆಂಪು ಇಡೀನ ಅಷ್ಟ್ ನುಣ್ಣಗ್ ಮಾಡ್ಬಾರ್ದಿತ್ತು" ಎಂದರು.

"ನಿಮಗೆ ಇದು ತಿಳಿಯಲ್ಲಪ್ಪ, ಇಂಟರಾಕ್ಟಿವ್ ಅಂದ್ರೆ ಹೀಗೇ" ಎಂದೆ. ಮೂರು ತಲೆಮಾರು ಮಕ್ಕಳ ಕೈಗೆ ಏನು ಕೊಡಬೇಕು ಎಂದು ಯೋಚಿಸಿದ ಮನೆಯ ಯಜಮಾನನಿಗೆ ನಾನು ಹೇಳಿದ ಮಾತು ಇದು.

ಉದ್ಘಾಟನೆಗೆ ಕತೆ ಹೇಳಿದವರನ್ನೆಲ್ಲ ಕರೆದು ಶಾಲು ಹೊದಿಸಬೇಕೆಂದು ಮೇಷ್ಟ್ರು ಹಟ ಹಿಡಿದರು. ನಾನು ಕೊಟ್ಟ ಪಟ್ಟಿಯಲ್ಲಿ ಆ ಅಜ್ಜಿಯ ಹೆಸರು ಬಿಟ್ಟಿದ್ದೆ. ಮೇಷ್ಟ್ರು ನನ್ನ ಹಳೆಯ ಪಟ್ಟಿ ಹುಡುಕಿ ತೆಗೆದು, "ಇವರನ್ನು ಮರೆತಿದ್ದೀರಲ್ಲ, ಮೂರು ಸಲ ಹೋಗಿದ್ದಿರಿ" ಎಂದು ತಾವೇ ಫೋನು ಮಾಡಿದರು. ಆ ವಾರವಿಡೀ ಅಜ್ಜಿಗೆ ಮಂಡಿನೋವು ಜಾಸ್ತಿಯಾಗಲಿ ಎಂದು ಬೇಡಿಕೊಂಡೆ. ಒಬ್ಬ ಮುದುಕಿಗೆ ನೋವು ಬರಲಿ ಎಂದು ದೇವರಲ್ಲಿ ಕೇಳಿಕೊಂಡವಳು ನಾನು.

ಬಂದೇ ಬಂದರು. ಹೊಸ ಸೀರೆ, ಸೊಸೆಯ ಸ್ಕೂಟರು. ಶಾಲು ಹೊದಿಸಿದಾಗ ಮುಖ ಇಷ್ಟಗಲ ಅರಳಿತು. ಆಮೇಲೆ ಎಲ್ಲರ ಜೊತೆ ಒಂದೊಂದೇ ನೋಡುತ್ತ ಕೊನೆಯ ಗೋಡೆಯ ಹತ್ತಿರ ಬಂದರು. ನಾನು ಕಂಬದ ಪಕ್ಕದಲ್ಲಿ ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನ್ನನ್ನು ಇನ್ನೂ ಯಾರೂ ಏನೂ ಅಂದಿರಲಿಲ್ಲ, ನನ್ನ ಕೈ ಆಗಲೇ ಹೆಗಲ ಮೇಲಿತ್ತು.

ಅಜ್ಜಿಗೆ ಓದು ಬಾರದು. ತೂತಿಗೆ ಕಿವಿ ಇಟ್ಟರು. ಎಷ್ಟು ಹೊತ್ತು ಇಟ್ಟುಕೊಂಡರೆಂದರೆ ಹಿಂದೆ ನಿಂತವರು ಗೊಣಗತೊಡಗಿದರು. ಸೊಸೆ ಬೋರ್ಡನ್ನು ಗಟ್ಟಿಯಾಗಿ ಓದಿ ಹೇಳಿದಳು, ಎರಡೂ ಸಾಲು. ಅಜ್ಜಿ ಗೋಡೆಯಿಂದ ಕಿವಿ ತೆಗೆದರು. ಶಾಲನ್ನು ಎದೆಗೆ ಎಳೆದುಕೊಂಡು ಕಣ್ಣಿನಲ್ಲೇ ನನ್ನನ್ನು ಹುಡುಕಿ ಕಂಬದ ಹತ್ತಿರ ಬಂದರು. ಸೊಸೆಗೆ ಕೇಳಿಸದ ಹಾಗೆ, ಮೆಲ್ಲಗೆ ಕೇಳಿದರು:

"ಇದು ನಮ್ಮವ್ವನ್ದಾ ಮಗ?"

ಹೌದು ಎಂದು ಕಾಲಿಗೆ ಬೀಳಬಹುದಿತ್ತು. ಅದಕ್ಕೆ ಅರ್ಧ ನಿಮಿಷ ಸಾಕಿತ್ತು.

"ಇಲ್ಲ ಅಜ್ಜಿ," ಎಂದೆ. "ಇದು ಮಾಗಡಿ ಕಡೇದು. ಅಲ್ಲೊಂದು ಮನೆಯವರು ಹೇಳಿದ್ದು."

ಅಜ್ಜಿ ನನ್ನ ಮುಖವನ್ನೇ ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವರು ಕಣ್ಣು ತುಂಬಿಕೊಂಡು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಲ್ಲೂ ಒಂದ್ ಮಗ ಅಂಗಂದಿತ್ತಾ? ಸದ್ಯ ಕಣವ್ವ. ನಮ್ಮವ್ವ ಲೋಕ್ದಲ್ಲಿ ತಾನೊಬ್ಳೇ ಪಾಪಿ ಅಂದ್ಕಂಡೇ ಸತ್ಲು. ಅವ್ಳಿಗೆ ಗೊತ್ತಾಗ್ಬೇಕಿತ್ತು."

ಆ ಹಿಡಿತ ನನಗೆ ಇವತ್ತಿಗೂ ತೋಳಿನಲ್ಲಿದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಶಾಲು ಎಸೆದು ಹೋಗಿದ್ದರೆ ಎತ್ತಿಟ್ಟುಕೊಳ್ಳುತ್ತಿದ್ದೆ. ನನ್ನ ಸುಳ್ಳಿನಿಂದ ಅವರಿಗೆ ಸಮಾಧಾನವಾಗಿತ್ತು. ಇನ್ನು ಅದು ಬಾಯಿಯಲ್ಲಿಟ್ಟುಕೊಂಡ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಾರನೆಯ ದಿನವೇ ಬೋರ್ಡು ತೆಗೆಸಿ, "ಮಾಗಡಿ ಸೀಮೆಯ ಒಬ್ಬ ಹುಡುಗಿ" ಎಂದು ಬದಲಿಸಿ ಬರೆಸಿದೆ. ಸೊಸೆ ಮತ್ತೆ ಬಂದು ಓದಿದರೆ ಎಂಬ ಭಯ. ಮೇಷ್ಟ್ರು ಸಂತೋಷಪಟ್ಟರು. "ಸೀಮೆ ಹೆಸರು ಬಂತು ನೋಡಿ, ಈಗ ಚರಿತ್ರೆಗೆ ತೂಕ ಬಂತು" ಎಂದರು. ಒಂದು ಮ್ಯೂಸಿಯಂನಲ್ಲಿ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೆಸಿದ್ದೇನೆ. ನನ್ನ ಕಸುಬಿನಲ್ಲಿ ಇದಕ್ಕಿಂತ ಕೀಳು ಕೆಲಸ ಇನ್ನೊಂದಿಲ್ಲ.

ಒಂದು ತಿಂಗಳು ಕಳೆದಿರಬೇಕು. ಅಜ್ಜಿಯ ಸೊಸೆ ಚನ್ನಪಟ್ಟಣದಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸ್ಟೀಲ್ ಡಬ್ಬಿ ತುಂಬ ತಂಬಿಟ್ಟು, ಅದರ ಮೇಲೆ ಅರಿಸಿನ ಕುಂಕುಮ, ಒಂದು ರವಿಕೆ ಕಣ. "ಅಕ್ಕ, ಇದು ನಿಮ್ಗಲ್ಲ," ಎಂದು ನಕ್ಕಳು. "ಮಾಗಡೀಲಿ ಯಾರೋ ಅವ್ರಂತಲ್ಲ, ಅವರ ಮನೆ ಹೆಣ್ಮಕ್ಳಿಗೆ ಕೊಡ್ಬೇಕಂತೆ. ಅತ್ತೆ ಕೂತ್ಕಂಡು ಅವ್ರೇ ಕೈಯಾರ ಉಂಡೆ ಕಟ್ಟವ್ರೆ. ಯಾಕೆ ಏನು ಅಂದ್ರೆ ಯೋಳ್ತಿಲ್ಲ. ನಿಮ್ಗೆ ಗೊತ್ತೈತಂತೆ."

ತಲುಪಿಸುತ್ತೇನೆ ಎಂದೆ.

ಡಬ್ಬಿ ಅಡುಗೆಮನೆಯ ಹಲಗೆಯ ಮೇಲೆ ಕೂತಿತು. ಅಪ್ಪ ಅದು ಯಾರದು ಎಂದು ಕೇಳಿದರು. ಅವರ ಮುಂದೆ ಎಲ್ಲವನ್ನೂ ಹೇಳಿದೆ. ಅಪ್ಪ, "ಓಗಿ ನಿಜ ಯೋಳು" ಎಂದರು. "ಅವ್ರಿಗೆ ನೋವಾಗುತ್ತಪ್ಪ" ಎಂದೆ. "ನೋವು ಅವ್ರಿಗೋ, ನಿಂಗೋ?" ಎಂದರು. ಸಿಟ್ಟಿನಿಂದ ಹೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದರು. ಉತ್ತರ ನನಗೆ ಗೊತ್ತಿತ್ತು.

ಹೇಳಲೆಂದೇ ಹೋದೆ. ರವಿಕೆ ಕಣವನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ, ಅವರ ಕೈಗೇ ಮರಳಿ ಕೊಡಬೇಕೆಂದು. ಬಸ್ಸಿಳಿದು ನಡೆಯುವಾಗ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತ ನಡೆದೆ. ಅಜ್ಜಿ ಹಜಾರದಲ್ಲಿದ್ದರು, ಮುಂದೆ ಸೊಪ್ಪಿನ ರಾಶಿ. ನನ್ನನ್ನು ನೋಡಿದ್ದೇ ಕತ್ತಿ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನಾನು ಕೂರುವ ಮುಂಚೆಯೇ ಕೇಳಿದರು:

"ಕೊಟ್ಯಾ? ಇಸ್ಕಂಡ್ರಾ? ಏನಂದ್ರು?"

ಆ ಮುಖ ನೋಡಿ ನನ್ನ ವಾಕ್ಯಗಳೆಲ್ಲ ಎಲ್ಲಿ ಹೋದವೋ. "ಇಸ್ಕೊಂಡ್ರು ಅಜ್ಜಿ," ಎಂದೆ. "ನಿಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು."

ಅಜ್ಜಿ ತಲೆಯಾಡಿಸಿದರು. ತಮ್ಮವರ ಕುಶಲ ಕೇಳಿಸಿಕೊಂಡ ಹಾಗೆ ಇನ್ನೊಂದು ಸಲ ತಲೆಯಾಡಿಸಿದರು. ಆಮೇಲೆ ಒಳಗೆ ಸೊಸೆ ಇದ್ದಾಳೆಯೇ ಎಂದು ತಿರುಗಿ ನೋಡಿ, ದನಿ ತಗ್ಗಿಸಿದರು.

"ಆ ಮಗ ಯಾಕೆ ಕೇಳಿಸ್ಲಿಲ್ಲ ಅಂದ್ಲಂತೆ? ಏನಾರ ಯೋಳಿದ್ರಾ?"

ಈ ಒಂದಕ್ಕಾದರೂ ನನ್ನ ಬಳಿ ನಿಜವಾದ ಉತ್ತರವಿತ್ತು. "ಅಪ್ಪ ಉಳಿಯಲಿ ಅಂತ, ಅಜ್ಜಿ."

ಅವರು ಕತ್ತಿ ತೆಗೆದುಕೊಂಡರು. ಎರಡು ಹಿಡಿ ಸೊಪ್ಪು ಕತ್ತರಿಸಿದರು. ನಿಲ್ಲಿಸಿದರು.

"ಅದ ನೀನು ಬೋರ್ಡಲ್ಲಿ ಬರ್ದಿಲ್ಲ."

"ಇಲ್ಲ."

"ಬರಿಯವ್ವ. ಬರೀದಿದ್ರೆ ಆ ಮಗೀಗೆ ಅನ್ಯಾಯ ಆಯ್ತದೆ. ಬಂದೋರು ಏನಂದ್ಕತಾರೆ, ಎಂಥ ಮಗ ಅನ್ನಲ್ವಾ? ಪಾಪ, ಅಪ್ಪನ್ ಮ್ಯಾಲಿನ್ ಆಸೆ."

ಬರೆಸುತ್ತೇನೆ ಎಂದೆ. ಆ ವಾರವೇ ಬರೆಸಿದೆ. ಮೇಷ್ಟ್ರು ಮೂರು ಸಾಲಾಯಿತಲ್ಲ ಎಂದರು, ಆಗಲಿ ಎಂದೆ. ಕೆಂಪು ಹಿಡಿಯನ್ನು ಬಿಚ್ಚಿ ಅಪ್ಪನಿಗೆ ಮರಳಿಸಿದೆ. ಸದ್ದು ಈಗ ತನ್ನ ಪಾಡಿಗೆ ಬರುತ್ತದೆ, ತನ್ನ ಪಾಡಿಗೆ ನಿಲ್ಲುತ್ತದೆ. ಮಕ್ಕಳು ಅಲ್ಲಿ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಮಾಗಡಿ ಎಂಬ ಪದವನ್ನು ಅಳಿಸುವ ಧೈರ್ಯ ಅಜ್ಜಿ ಇದ್ದಾಗ ಬರಲಿಲ್ಲ, ಹೋದ ಮೇಲೂ ಬಂದಿಲ್ಲ.

ಮಾಗಡಿಯ ಮಗುವಿಗಾಗಿ ಅಜ್ಜಿ ನನ್ನೆದುರು ಬಾಯಿ ಬಿಟ್ಟು ನ್ಯಾಯ ಕೇಳಿದರು. ಅದು ಬೇರೆಯವರ ಮನೆಯ ಮಗು ಎಂದುಕೊಂಡಿದ್ದರಿಂದ ಕೇಳಲು ಅವರಿಗೆ ನಾಚಿಕೆಯಾಗಲಿಲ್ಲ. ತಮ್ಮ ಅವ್ವನಿಗಾಗಿ ಅವರು ನನ್ನಲ್ಲಿ ಕೇಳಿಕೊಂಡದ್ದು ಒಂದೇ ಒಂದು, ಎಲ್ಲೂ ಹೇಳಬೇಡ ಎಂದು. ಅದನ್ನು ನಾನು ನಡೆಸಿಕೊಡಲಿಲ್ಲ.